ಯಾರಿಗೆ ಹೇಳಿದ ಮಾತು: ನಂಬಿಕೆ, ಕ್ರಿಯೆ ಮತ್ತು ರಕ್ಷಣೆಯ ಸ್ಥಿರತೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಕೊಟ್ಟ ಉತ್ತರವನ್ನೂ ಉಳಿಸಿಕೊಂಡಿದ್ದೇನೆ.)

ಮಾನ್ಯರೆ,

ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುವವರು ಕೆಲವೊಮ್ಮೆ ನಮ್ಮನ್ನು ತಡೆದು, "ನೀವು ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದಿದ್ದೀರಾ?" ಎಂದು ಕೇಳುವುದುಂಟು. ಈ ಪ್ರಶ್ನೆಗೆ ಕ್ರೈಸ್ತರೆಲ್ಲರೂ ಒಂದೇ ಉತ್ತರ ಕೊಡುತ್ತಾರೆಂದು ಹೊರಗಿನವರು ಭಾವಿಸಿರಬಹುದು; ಹಾಗೇನೂ ಇಲ್ಲ. ಬ್ರದರನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಭೆಗೆ ಸೇರಿದವರಾದರೆ "ಹೊಂದಿದ್ದೇನೆ" ಎಂದು ತಡವರಿಸದೆ ಹೇಳಿ, ಬೇಕಾದರೆ ಯಾವ ವರ್ಷ, ಯಾವ ಕೂಟದಲ್ಲಿ ಎಂಬುದನ್ನೂ ಸೇರಿಸುತ್ತಾರೆ. ಆರ್ಥಡಾಕ್ಸ್ ಸಂಪ್ರದಾಯದವರು ಮನುಷ್ಯನು ದೇವರ ಜೀವದಲ್ಲಿ ಕ್ರಮಕ್ರಮವಾಗಿ ಪಾಲುಗೊಳ್ಳುವುದನ್ನೇ ರಕ್ಷಣೆ ಎಂದು ತಿಳಿದಿರುವುದರಿಂದ "ಹೊಂದುತ್ತಿದ್ದೇನೆ" ಎನ್ನುವುದು ಅವರಿಗೆ ಹತ್ತಿರದ ಮಾತು. ಕಥೋಲಿಕರಿಗೆ ಪ್ರಶ್ನೆಯೇ ತುಸು ವಿಚಿತ್ರವಾಗಿ ಕೇಳಿಸುತ್ತದೆ. "ಹೊಂದುವೆನೆಂಬ ಭರವಸೆ ಇದೆ" ಎಂದು ಅವರು ಹೇಳಿಯಾರು. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಕಾಲಗಳೂ ಒಂದೇ ಕ್ರಿಯಾಪದಕ್ಕೆ ಅಂಟಿಕೊಂಡವು. ಇದು ಉತ್ತರ ಕೊಟ್ಟವರ ವ್ಯಾಕರಣ ದೋಷವಲ್ಲ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲೇ ಮೂರೂ ಕಾಲಗಳಿವೆ: ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ರಕ್ಷಣೆ ಆಗಿಹೋದ ಸಂಗತಿ, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಆರಂಭದಲ್ಲಿ ಆಗುತ್ತಿರುವ ಸಂಗತಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದಲ್ಲಿ ಇನ್ನೂ ಹತ್ತಿರ ಬರುತ್ತಿರುವ ಸಂಗತಿ.

ನಮ್ಮ ಕನ್ನಡದಲ್ಲೇ ಎರಡು ಕ್ರೈಸ್ತ ಪದಕೋಶಗಳಿವೆ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ 1831ರ ಹೊತ್ತಿಗೆ ಮುಗಿಸಿದ ಕನ್ನಡ ಬೈಬಲ್, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಬರಹ, ಇವುಗಳ ಪರಂಪರೆಯಲ್ಲಿ ಬಂದ ಪ್ರೊಟೆಸ್ಟಂಟರು "ನಂಬಿಕೆ", "ಕೃಪೆ" ಎನ್ನುತ್ತಾರೆ. ಕಥೋಲಿಕರು "ವಿಶ್ವಾಸ", "ವರಪ್ರಸಾದ" ಎನ್ನುತ್ತಾರೆ. ಜಪಸರ ಹಿಡಿದು "ನಮೋ ಮರಿಯಾ, ವರಪ್ರಸಾದ ಪೂರ್ಣೆ" ಎಂದು ಹೇಳುತ್ತ ಬೆಳೆದವರ ಕಿವಿಗೆ ವರಪ್ರಸಾದವೆಂಬುದು ತುಂಬಿಕೊಳ್ಳಬಹುದಾದ, ಹೆಚ್ಚಬಹುದಾದ ಒಂದು ವಸ್ತುವಿನಂತೆ ಕೇಳಿಸಿದರೆ, "ಕೃಪೆ" ಎಂದು ಕಲಿತವರಿಗೆ ಅದು ದೇವರ ಮುಖಭಾವದಂತೆ, ನಮ್ಮ ಕಡೆ ತಿರುಗಿದ ದೃಷ್ಟಿಯಂತೆ ಕೇಳಿಸುತ್ತದೆ. ಜಗಳದ ಅರ್ಧ ಭಾಗ ಈ ಎರಡು ಪದಗಳ ನಡುವಿನ ಅಂತರದಲ್ಲೇ ಇದೆ ಎಂದರೆ ಅತಿಶಯೋಕ್ತಿಯಾಗದು.

ಈ ಸಂಜೆ ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಂಬಿಕೆ ಮತ್ತು ಕ್ರಿಯೆಗಳ ಬಗ್ಗೆಯಾಗಲಿ, ಒಮ್ಮೆ ದೊರೆತ ರಕ್ಷಣೆ ಕೈತಪ್ಪುವುದೇ ಎಂಬುದರ ಬಗ್ಗೆಯಾಗಲಿ, ಬೈಬಲಿನಲ್ಲಿರುವ ಮಾತುಗಳು ಒಂದಕ್ಕೊಂದು ಎದುರಾಗಿ ನಿಂತಂತೆ ಕಂಡಾಗಲೆಲ್ಲ, ಆ ಮಾತನ್ನು ಯಾರಿಗೆ ಹೇಳಲಾಯಿತು ಎಂದು ಮೊದಲು ಕೇಳಬೇಕು. ಅದರಿಂದ ಎಲ್ಲವೂ ಬಗೆಹರಿಯುತ್ತದೆಂದು ನಾನು ಹೇಳುವುದಿಲ್ಲ. ಬಗೆಹರಿಯದೆ ಉಳಿಯುವುದನ್ನೂ ಮುಂದೆ ತೋರಿಸುತ್ತೇನೆ.

ಮೊದಲು, ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನ ವಿಚಾರ. "ಮನುಷ್ಯನು ನೀತಿವಂತನೆಂದು ನಿರ್ಣಯವಾಗುವುದು ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ" ಎಂಬ ಅವನ ಸಿದ್ಧಾಂತವನ್ನು (ಧರ್ಮಶಾಸ್ತ್ರ ಎಂದರೆ ಇಲ್ಲಿ ಮೋಶೆಯ ಮೂಲಕ ಯೆಹೂದ್ಯರಿಗೆ ಬಂದ ನಿಯಮ) ನಾವು ಪಾಠಶಾಲೆಯ ಸೂತ್ರದಂತೆ ಓದುತ್ತೇವೆ. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಈ ಮಾತು ಹುಟ್ಟಿದ್ದು ಒಂದು ಊಟದ ಪಂಕ್ತಿಯಲ್ಲಿ. ಸಿರಿಯದ ಅಂತಿಯೋಕ್ಯದಲ್ಲಿ ಯೆಹೂದ್ಯ ಮೂಲದ ವಿಶ್ವಾಸಿಗಳೂ ಅನ್ಯಜನರಿಂದ ಬಂದ ವಿಶ್ವಾಸಿಗಳೂ ಕೂಡಿ ಊಟ ಮಾಡುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಅವರ ಜೊತೆಗೆ ಕೂರುತ್ತಿದ್ದ. ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಕೆಲವರು ಬಂದರು. ಅವರನ್ನು ಕಂಡದ್ದೇ ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು, ಕೊನೆಗೆ ಪೌಲನ ಸಂಗಡಿಗನಾದ ಬಾರ್ನಬನೂ ಎದ್ದ. ಆಗ ಪೌಲನು ಎಲ್ಲರೆದುರಿಗೆ ಪೇತ್ರನನ್ನು ಗದರಿಸಿದ. ಆ ಗದರಿಕೆಯ ಮುಂದುವರಿಕೆಯಾಗಿಯೇ ಮೇಲಿನ ಸೂತ್ರ ಬರುತ್ತದೆ. ಪಂಕ್ತಿಭೇದ ಎಂದರೇನೆಂದು ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಯಾರ ಎಲೆ ಎಲ್ಲಿ ಬೀಳಬೇಕು ಎಂಬುದರಲ್ಲಿ ಇಡೀ ಧರ್ಮಶಾಸ್ತ್ರವೇ ಅಡಗಿರಬಹುದೆಂಬುದನ್ನು ಯೂರೋಪಿನ ಭಾಷ್ಯಕಾರರಿಗಿಂತ ನಾವು ಬೇಗ ಗ್ರಹಿಸುತ್ತೇವೆ.

ಯೂರೋಪು, ಅಮೆರಿಕಗಳ ವಿದ್ವಾಂಸರು ಈ ಕಡೆಗೆ ಬಲವಾಗಿ ತಿರುಗಿದ್ದು ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ. ಪೌಲನ ಕಾಲದ ಯೆಹೂದ್ಯ ಧರ್ಮವು ಪುಣ್ಯ ಗಳಿಸಿ ಮೋಕ್ಷ ಕೊಳ್ಳುವ ವ್ಯಾಪಾರವಾಗಿರಲಿಲ್ಲ, ಅದೂ ದೇವರ ಒಡಂಬಡಿಕೆಯ ಕೃಪೆಯಿಂದಲೇ ಆರಂಭವಾಗುತ್ತಿತ್ತು ಎಂದು ಅವರು ತೋರಿಸಿದರು. ಅವರ ನಂತರ ಜೇಮ್ಸ್ ಡನ್ ಮುಂತಾದವರು, "ಧರ್ಮಶಾಸ್ತ್ರದ ಕ್ರಿಯೆಗಳು" ಎಂದರೆ ಮುಖ್ಯವಾಗಿ ಸುನ್ನತಿ, ಸಬ್ಬತ್, ಆಹಾರ ನಿಯಮ, ಅಂದರೆ ಒಳಗಿನವರನ್ನೂ ಹೊರಗಿನವರನ್ನೂ ಬೇರ್ಪಡಿಸುವ ಗುರುತುಗಳು ಎಂದು ವಾದಿಸಿದರು. ನನಗೆ ಈ ವಾದ ಬಹುಮಟ್ಟಿಗೆ ಒಪ್ಪಿಗೆ, ಪೂರ್ತಿ ಅಲ್ಲ. ಏಕೆಂದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯಕ್ಕೆ ಬಂದಾಗ ಪೌಲನು ಸುನ್ನತಿಯನ್ನು ದಾಟಿ ಕೂಲಿಯ ಮಾತಿಗೆ ಹೋಗುತ್ತಾನೆ: ದುಡಿದವನಿಗೆ ಕೊಡುವುದು ದಾನವಲ್ಲ, ಸಲ್ಲಬೇಕಾದ ಬಾಕಿ, ಯೆಹೂದ್ಯರ ಮೂಲಪಿತೃವಾದ ಅಬ್ರಹಾಮನಿಗಾದರೋ ದೊರೆತದ್ದು ಬಾಕಿಯಲ್ಲ. ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ನಕ್ಷತ್ರಗಳನ್ನು ನೋಡಿ ಅಬ್ರಹಾಮನು ದೇವರ ಮಾತನ್ನು ನಂಬಿದ. ಆಗ ಅವನಿಗೆ ಸುನ್ನತಿಯೂ ಆಗಿರಲಿಲ್ಲ, ಮಗನೂ ಹುಟ್ಟಿರಲಿಲ್ಲ.

ಈಗ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ. ಇದೂ ಕುಳಿತುಕೊಳ್ಳುವ ಜಾಗದ ಜಗಳದಿಂದಲೇ ಆರಂಭವಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಆಸನ. ಕೊಳಕು ಬಟ್ಟೆಯ ಬಡವನು ಬಂದರೆ "ಅಲ್ಲೇ ನಿಲ್ಲು, ಇಲ್ಲವೇ ನನ್ನ ಕಾಲಬಳಿ ಕೂತುಕೋ". ಅಂಥ ಸಭೆಗೆ ಯಾಕೋಬ ಕೇಳುವ ಪ್ರಶ್ನೆ ಇದು: ಮೈಮೇಲೆ ಬಟ್ಟೆಯಿಲ್ಲದ, ಆ ಹೊತ್ತಿನ ಕೂಳಿಗೂ ಗತಿಯಿಲ್ಲದ ಸಹೋದರನಿಗೋ ಸಹೋದರಿಗೋ ನೀವು ಏನನ್ನೂ ಕೊಡದೆ, ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ ಎಂದು ಹರಸಿ ಕಳಿಸಿದರೆ ಪ್ರಯೋಜನವೇನು? ಆತ್ಮವಿಲ್ಲದ ದೇಹ ಹೇಗೆ ಸತ್ತದ್ದೋ ಕ್ರಿಯೆಗಳಿಲ್ಲದ ನಂಬಿಕೆಯೂ ಹಾಗೆಯೇ ಸತ್ತದ್ದು ಎಂಬ ಪ್ರಸಿದ್ಧ ವಾಕ್ಯದ ಹಿಂದೆ ಇರುವುದು ಬಾಗಿಲಲ್ಲಿ ಚಳಿಗೆ ನಡುಗುತ್ತ ನಿಂತ ಈ ಮನುಷ್ಯ. ಯಾಕೋಬನೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾನೆ, ಆದರೆ ಹದಿನೈದನೆಯ ಅಧ್ಯಾಯದ ಅಬ್ರಹಾಮನನ್ನಲ್ಲ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಮಗನನ್ನು ಯಜ್ಞವೇದಿಯ ಮೇಲೆ ಮಲಗಿಸಿದ ಅಬ್ರಹಾಮನನ್ನು. ಜೊತೆಗೆ ಗೂಢಚಾರರನ್ನು ಅಡಗಿಸಿ ಕಾಪಾಡಿದ ಯೆರಿಕೋವಿನ ರಾಹಾಬಳನ್ನೂ ಕರೆಯುತ್ತಾನೆ. ದೆವ್ವಗಳೂ ದೇವರೊಬ್ಬನೇ ಎಂದು ನಂಬಿ ನಡುಗುತ್ತವೆ ಎಂದು ಅವನು ಚುಚ್ಚಿ ಹೇಳುವಾಗ "ನಂಬಿಕೆ" ಎಂಬ ಪದಕ್ಕೆ ಒಪ್ಪಿಗೆ ಎಂಬಷ್ಟೇ ಅರ್ಥ. ಪೌಲನಲ್ಲಿ ಅದೇ ಪದಕ್ಕೆ ತನ್ನನ್ನು ಒಪ್ಪಿಸಿಕೊಡುವುದು ಎಂಬ ಅರ್ಥ.

ಹೀಗೆ ಒಬ್ಬನು ಹೊರಗಿನವರನ್ನು ಪಂಕ್ತಿಯಿಂದ ಎಬ್ಬಿಸುವವರಿಗೆ ಮಾತಾಡಿದ. ಇನ್ನೊಬ್ಬನು ಬಡವರನ್ನು ಬಾಗಿಲಲ್ಲೇ ನಿಲ್ಲಿಸುವವರಿಗೆ ಮಾತಾಡಿದ. ಇಬ್ಬರ ಮಾತೂ ಒಂದೇ ಸಭಾಂಗಣದಲ್ಲಿ ಎದುರಾಬದುರಾಗಿ ಆಡಿದ್ದೆಂದು ಓದಿದಾಗಲೇ ತೊಡಕು. ಆದರೂ ಒಂದು ಮಾತನ್ನು ಮರೆಮಾಚಬಾರದು: "ನಂಬಿಕೆಯಿಂದ ಮಾತ್ರ" ಎಂಬ ಪದಪುಂಜ ಹೊಸ ಒಡಂಬಡಿಕೆಯಲ್ಲಿ ಬರುವುದು ಒಂದೇ ಸಲ, ಅದೂ ಯಾಕೋಬನಲ್ಲಿ, ಅದೂ ನಿಷೇಧರೂಪದಲ್ಲಿ.

ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರನಿಗೆ ಇದು ಚೆನ್ನಾಗಿ ಗೊತ್ತಿತ್ತು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಅವನು ಯಾಕೋಬನ ಪತ್ರಿಕೆಯನ್ನು ಇಬ್ರಿಯರಿಗೆ, ಯೂದ ಮತ್ತು ಪ್ರಕಟನೆಗಳ ಜೊತೆ ಕೊನೆಗೆ ತಳ್ಳಿದ. ಉಳಿದ ಮುಖ್ಯ ಪುಸ್ತಕಗಳ ಮುಂದೆ ಇದು ಹುಲ್ಲಿನ ಪತ್ರಿಕೆ ಎಂದು ಮುನ್ನುಡಿಯಲ್ಲಿ ಬರೆದ. ಆ ಮಾತು ನಂತರದ ಆವೃತ್ತಿಗಳಲ್ಲಿ ಕಾಣುವುದಿಲ್ಲ. ಅಷ್ಟೇ ಅಲ್ಲದೆ ರೋಮಾಪುರದವರಿಗೆ ಬರೆದ ಪತ್ರಿಕೆಯ 3:28ರಲ್ಲಿ ಗ್ರೀಕ್ ಮೂಲದಲ್ಲಿಲ್ಲದ "ಮಾತ್ರ" ಎಂಬರ್ಥದ ಪದವೊಂದನ್ನು ಸೇರಿಸಿದ. ವಿರೋಧಿಗಳು ಹಿಡಿದುಕೊಂಡರು. 1530ರಲ್ಲಿ ಅನುವಾದದ ಬಗ್ಗೆ ಬರೆದ ಬಹಿರಂಗ ಪತ್ರದಲ್ಲಿ ಅವನು ಕೊಟ್ಟ ಸಮರ್ಥನೆ ರೈತನ ಉದಾಹರಣೆಯದು: ರೈತ ಧಾನ್ಯವನ್ನು ಮಾತ್ರ ತರುತ್ತಾನೆ, ಹಣವನ್ನಲ್ಲ ಎನ್ನುವಾಗ ಜರ್ಮನರ ಬಾಯಲ್ಲಿ "ಮಾತ್ರ" ತಾನಾಗಿ ಬರುತ್ತದೆ, ಅದಿಲ್ಲದೆ ವಾಕ್ಯ ಜರ್ಮನ್ ಆಗುವುದಿಲ್ಲ. ನಮ್ಮ ಭಾಷೆಯಲ್ಲಿ ಲೂಥರ್ ಹುಟ್ಟಿದ್ದರೆ ಈ ಜಗಳವೇ ಬರುತ್ತಿರಲಿಲ್ಲವೇನೋ. "ನಂಬಿಕೆಯಿಂದ" ಎಂಬುದಕ್ಕೆ ಒಂದು ಏಕಾರ ಹಚ್ಚಿ "ನಂಬಿಕೆಯಿಂದಲೇ" ಎಂದು ಬಿಟ್ಟರೆ ಕೆಲಸ ಮುಗಿಯಿತು. ಹೊಸ ಪದ ಸೇರಿಸಿದೆ ಎಂದು ಯಾರೂ ಬೆರಳು ತೋರಿಸುವಂತಿರಲಿಲ್ಲ.

ಲೂಥರನ ಮಾತು ಯಾರಿಗೆ? ಮೊದಲನೆಯದಾಗಿ ತನಗೇ. ಎಷ್ಟು ಉಪವಾಸ ಮಾಡಿದರೂ, ಎಷ್ಟು ಪಾಪನಿವೇದನೆ ಮಾಡಿದರೂ ಸಾಲದೆಂಬ ಭಯದಲ್ಲಿ ನರಳುತ್ತಿದ್ದ ಸನ್ಯಾಸಿಗೆ. ಎರಡನೆಯದಾಗಿ, 1517ರಲ್ಲಿ ಹಣ ಕೊಟ್ಟು ಪಾಪದಂಡನೆಯ ವಿನಾಯಿತಿ ಪತ್ರ ಕೊಂಡುಕೊಳ್ಳುತ್ತಿದ್ದ ಸ್ಯಾಕ್ಸನಿಯ ಜನರಿಗೆ. ಆ ಕಿವಿಗಳಿಗೆ "ನಂಬಿಕೆಯಿಂದ ಮಾತ್ರ" ಎನ್ನುವುದು ಬಿಡುಗಡೆಯ ಮಾತು.

ಇದಕ್ಕೆ ರೋಮಿನ ಕಥೋಲಿಕ ಸಭೆ ಕೊಟ್ಟ ಅಧಿಕೃತ ಉತ್ತರವು 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ ಹೊರಬಂತು: 16 ಅಧ್ಯಾಯಗಳು, 33 ಖಂಡನಾಸೂತ್ರಗಳು. ಪ್ರೊಟೆಸ್ಟಂಟರು ಇದರಲ್ಲಿ ಒಂಬತ್ತನೆಯ ಸೂತ್ರವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ, ಏಕೆಂದರೆ ಅದು ನಂಬಿಕೆಯಿಂದ ಮಾತ್ರ ಎನ್ನುವವರನ್ನು ಶಪಿಸುತ್ತದೆ. ಮೊದಲನೆಯ ಸೂತ್ರವನ್ನು ಓದಿದವರು ಕಡಿಮೆ. ಕ್ರಿಸ್ತನ ಮೂಲಕ ಬರುವ ದೈವಕೃಪೆಯಿಲ್ಲದೆ ಮನುಷ್ಯನು ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲನೆಂದು ಹೇಳುವವನಿಗೆ ಅಲ್ಲಿ ಶಾಪವಿದೆ. ಕಥೋಲಿಕರು ಕ್ರಿಯೆಗಳಿಂದ ರಕ್ಷಣೆ ಕೊಳ್ಳುತ್ತಾರೆ ಎಂಬ ಆರೋಪವನ್ನು ಆ ಒಂದು ಸೂತ್ರವೇ ತಳ್ಳಿಹಾಕುತ್ತದೆ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಲೂಥರನಿಗೆ ನೀತಿ ಎಂದರೆ ನ್ಯಾಯಾಧೀಶನು ಅಪರಾಧಿಯ ಪರವಾಗಿ ಕೊಟ್ಟ ತೀರ್ಪು. ಅಪರಾಧಿ ಇನ್ನೂ ಒಳಗೊಳಗೆ ಪಾಪಿಯೇ. ಟ್ರೆಂಟಿಗೆ ನೀತಿ ಎಂದರೆ ಮನುಷ್ಯನ ಒಳಗೆ ಸುರಿದು ಅವನನ್ನು ಬದಲಿಸುವ ಜೀವ. ತೀರ್ಪು ಹೆಚ್ಚುಕಡಿಮೆಯಾಗುವುದಿಲ್ಲ, ಜೀವ ಬೆಳೆಯುತ್ತದೆ, ಕುಂದುತ್ತದೆ, ಮಾರಕ ಪಾಪದಿಂದ ಸಾಯಲೂಬಹುದು, ಪಾಪನಿವೇದನೆಯ ಸಂಸ್ಕಾರದಿಂದ ಮತ್ತೆ ಚಿಗುರಲೂಬಹುದು. ಆ ಸಂಸ್ಕಾರವನ್ನು ಟ್ರೆಂಟಿನವರು ಪ್ರಾಚೀನರ ಮಾತಿನಲ್ಲಿ ಹಡಗು ಒಡೆದ ಮೇಲೆ ಸಿಕ್ಕಿದ ಎರಡನೆಯ ಹಲಗೆ ಎಂದು ಕರೆದರು. ಕೊನೆಯ ತನಕ ತಾನು ಬಾಳಿ ನಿಲ್ಲುವೆನೆಂದು, ದೇವರ ವಿಶೇಷ ಪ್ರಕಟನೆಯಿಲ್ಲದೆ, ಯಾರೂ ನಿಶ್ಚಯವಾಗಿ ಹೇಳಿಕೊಳ್ಳಬಾರದು ಎಂದು ಹದಿನಾರನೆಯ ಸೂತ್ರ.

ಇಲ್ಲಿಗೆ ನಾವು ಸ್ಥಿರತೆಯ ಪ್ರಶ್ನೆಗೆ ಬಂದೆವು. ಒಮ್ಮೆ ದೊರೆತ ರಕ್ಷಣೆ ಕೈತಪ್ಪದು ಎಂಬ ಸಿದ್ಧಾಂತ ಲೂಥರನಿಂದ ಬಂದದ್ದಲ್ಲ ಎಂಬುದು ಹಲವರಿಗೆ ಆಶ್ಚರ್ಯ ತಂದೀತು. ಲೂಥರನ್ನರ ಮೂಲ ನಂಬಿಕೆಪತ್ರವಾದ 1530ರ ಆಗ್ಸ್‌ಬರ್ಗ್ ಒಪ್ಪಿಗೆಯ ಹನ್ನೆರಡನೆಯ ವಿಧಿಯು, ಒಮ್ಮೆ ನೀತಿವಂತರಾದವರು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರರು ಎನ್ನುವವರನ್ನು ಸ್ಪಷ್ಟವಾಗಿ ಖಂಡಿಸುತ್ತದೆ. ಕೊನೆಯವರೆಗೆ ನಿಲ್ಲುವ ಶಕ್ತಿಯೂ ದೇವರ ವರವೇ ಎಂದು ಮೊದಲು ವಿಸ್ತಾರವಾಗಿ ಬರೆದವನು ಸಂತ ಅಗಸ್ಟೀನ್, ಐದನೆಯ ಶತಮಾನದಲ್ಲಿ, ತನ್ನ ಕೊನೆಯ ವರ್ಷಗಳಲ್ಲಿ. ಅವನಲ್ಲೂ ಒಂದು ತಿರುವಿದೆ: ಆ ವರ ಯಾರಿಗೆ ದೊರೆತಿದೆ ಎಂಬುದು ಮನುಷ್ಯನು ಬದುಕಿರುವ ತನಕ ಯಾರಿಗೂ ತಿಳಿಯದು. ವರ ಸ್ಥಿರ, ನಿಶ್ಚಯ ಅಸ್ಥಿರ. ಹದಿನಾರನೆಯ ಶತಮಾನದ ಸುಧಾರಕ ಕ್ಯಾಲ್ವಿನನು ಈ ಎರಡನ್ನೂ ಸೇರಿಸಿದ. ರಕ್ಷಣೆಗೆಂದು ದೇವರಿಂದ ಆಯ್ಕೆಯಾದವರು ಬಿದ್ದುಹೋಗಲಾರರು, ಮಾತ್ರವಲ್ಲ, ಅದರ ನಿಶ್ಚಯವನ್ನು ಕ್ರಿಸ್ತನಲ್ಲಿ ಈಗಲೇ ಪಡೆಯಬಹುದು.

ಈ ಸಿದ್ಧಾಂತಕ್ಕೆ ಗಟ್ಟಿ ರೂಪ ಬಂದದ್ದು ನೆದರ್‌ಲೆಂಡ್ಸಿನ ಡೋರ್ಟ್ ಪಟ್ಟಣದಲ್ಲಿ, 1618ರ ನವೆಂಬರಿನಿಂದ 1619ರ ಮೇ ತನಕ ನಡೆದ ಸಭೆಯಲ್ಲಿ. ಕ್ಯಾಲ್ವಿನನ ಪರಂಪರೆಯ ಬೋಧನೆಯನ್ನು ಪ್ರಶ್ನಿಸಿದ ಡಚ್ ಪಂಡಿತ ಯಾಕೋಬ್ ಆರ್ಮಿನಿಯಸ್ 1609ರಲ್ಲಿ ತೀರಿಕೊಂಡಿದ್ದ. ಮರುವರ್ಷ ಅವನ ಅನುಯಾಯಿಗಳು ಐದು ವಿಧಿಗಳ ಮನವಿ ಸಲ್ಲಿಸಿದರು. ಐದನೆಯದರಲ್ಲಿ, ವಿಶ್ವಾಸಿಯು ಬಿದ್ದುಹೋಗಬಹುದೇ ಎಂಬುದನ್ನು ಶಾಸ್ತ್ರಗ್ರಂಥದಿಂದ ಇನ್ನಷ್ಟು ಪರಿಶೀಲಿಸಿಯೇ ಹೇಳಬೇಕೆಂದು ಅವರು ಪ್ರಶ್ನೆಯನ್ನು ತೆರೆದೇ ಇಟ್ಟಿದ್ದರು. ಡೋರ್ಟ್ ಸಭೆ ಅದನ್ನು ಮುಚ್ಚಿತು. ಆದರೆ ಡೋರ್ಟಿನ ಬರಹವನ್ನು ಓದದೆ ಅದರ ಹೆಸರಿನಲ್ಲಿ ಮಾತಾಡುವವರು ಬಹಳ. ಅದು ದಾವೀದನ ಮತ್ತು ಪೇತ್ರನ ಪತನಗಳನ್ನು ಹೆಸರಿಸುತ್ತದೆ. ವಿಶ್ವಾಸಿಗಳು ಇಂಥ ಘೋರ ಪಾಪಗಳಿಂದ ದೇವರನ್ನು ನೋಯಿಸುತ್ತಾರೆ, ಮನಸ್ಸಾಕ್ಷಿಯನ್ನು ಗಾಯಗೊಳಿಸುತ್ತಾರೆ, ಕೆಲಕಾಲ ಕೃಪೆಯ ಅರಿವನ್ನೇ ಕಳೆದುಕೊಳ್ಳುತ್ತಾರೆ ಎಂದು ಒಪ್ಪುತ್ತದೆ. ಆದರೂ ದೇವರು ಪೂರ್ತಿಯಾಗಿ ಕೈಬಿಡುವುದಿಲ್ಲ, ಪಶ್ಚಾತ್ತಾಪಕ್ಕೆ ತಂದೇ ತರುತ್ತಾನೆ ಎನ್ನುತ್ತದೆ. ಒಂದು ಸಂಜೆ ಕೈಯೆತ್ತಿ ಪ್ರಾರ್ಥನೆ ಮಾಡಿದರೆ ಆಯಿತು, ಆಮೇಲೆ ಹೇಗೆ ಬದುಕಿದರೂ ಟಿಕೆಟ್ ಖಾತರಿ ಎಂಬ ಇಂದಿನ ಜನಪ್ರಿಯ ಬೋಧನೆಗೂ ಡೋರ್ಟಿಗೂ ಸಂಬಂಧವಿಲ್ಲ. ಆ ಬೋಧನೆಯನ್ನು ಡೋರ್ಟಿನ ಪಂಡಿತರು ಕೇಳಿದ್ದರೆ ಆರ್ಮಿನಿಯಸನ ಶಿಷ್ಯರಿಗಿಂತ ಮೊದಲು ಇವರನ್ನೇ ಹೊರಗೆ ಕಳಿಸುತ್ತಿದ್ದರು.

ಮೇಲುಕೋಟೆಯ ಕಡೆಯ ಸ್ನೇಹಿತರಿಗೆ ಈ ಹೊತ್ತಿಗೆ ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯಗಳು ನೆನಪಾಗಿರುತ್ತವೆ. ಕೋತಿಯ ಮರಿ ತಾನೇ ತಾಯಿಯನ್ನು ಹಿಡಿದುಕೊಳ್ಳಬೇಕು ಎನ್ನುವವರು ಶ್ರೀವೈಷ್ಣವರಲ್ಲಿ ವಡಗಲೆಯವರು. ಬೆಕ್ಕು ತಾನಾಗಿ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ ಎನ್ನುವವರು ತೆಂಗಲೆಯವರು. ಹೋಲಿಕೆ ಬಹಳ ದೂರ ಸಾಗುತ್ತದೆ. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರು ಎಂದು ಯೇಸು ಹೇಳುವುದು ಮಾರ್ಜಾಲ ನ್ಯಾಯವೇ. ಆದರೆ ಒಂದು ಕಡೆ ಹೋಲಿಕೆ ಕೈಕೊಡುತ್ತದೆ. ಡೋರ್ಟಿನ ಪರಂಪರೆಯವರನ್ನು ಕಾಡಿದ್ದು ಯಾರು ಯಾರನ್ನು ಹಿಡಿದಿದ್ದಾರೆ ಎಂಬುದಲ್ಲ, ನಾನು ಆ ಬೆಕ್ಕಿನ ಮರಿಯೇ ಹೌದೋ ಅಲ್ಲವೋ ಎಂಬುದು. ಹೌದೆಂದು ತಿಳಿಯಲು ಅವರು ತಮ್ಮ ಬದುಕಿನ ಫಲಗಳನ್ನು ನೋಡಿಕೊಳ್ಳತೊಡಗಿದರು. ಮುಂಬಾಗಿಲಿನಿಂದ ಹೊರಗೆ ಹಾಕಿದ ಕ್ರಿಯೆಗಳು ಹೀಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವು.

ಇದರ ಕಠೋರ ರೂಪವನ್ನು ಇಂಗ್ಲಿಷ್ ಕವಿ ವಿಲಿಯಂ ಕೂಪರನ ಬದುಕಿನಲ್ಲಿ ನೋಡಬಹುದು. ಆಯ್ಕೆಯಾದವರು ಎಂದೂ ಬಿದ್ದುಹೋಗರು ಎಂದು ಬೋಧಿಸುವ ವಲಯದಲ್ಲಿ, ಓಲ್ನಿ ಎಂಬ ಸಣ್ಣ ಊರಿನಲ್ಲಿ, ಗುಲಾಮರ ಹಡಗಿನ ಕಪ್ತಾನನಾಗಿದ್ದು ನಂತರ ಪಾದ್ರಿಯಾದ ಜಾನ್ ನ್ಯೂಟನನ ನೆರೆಯಲ್ಲಿ ಅವನಿದ್ದ. ಇಬ್ಬರೂ ಸೇರಿ ಕೀರ್ತನೆಗಳನ್ನು ರಚಿಸುತ್ತಿದ್ದರು. 1773ರ ಆರಂಭದಲ್ಲಿ ಕೂಪರನಿಗೆ ಒಂದು ಕನಸು ಬಿತ್ತು. ನಿನ್ನ ಕತೆ ಮುಗಿಯಿತು, ನೀನು ನಾಶವಾದೆ ಎಂದು ಲ್ಯಾಟಿನ್ನಿನಲ್ಲಿ ಒಂದು ಧ್ವನಿ ಅವನಿಗೆ ಕೇಳಿಸಿತು. ಅವನ ಮನೋರೋಗ ಹಳೆಯದು, ಅದಕ್ಕೆ ಸಿದ್ಧಾಂತವನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಸಿದ್ಧಾಂತ ಅವನಿಗೆ ಔಷಧವೂ ಆಗಲಿಲ್ಲ. ರಕ್ಷಣೆ ಹೊಂದಿದವನು ಅದನ್ನು ಕಳೆದುಕೊಳ್ಳಲಾರ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ತಾನೊಬ್ಬ ಮಾತ್ರ ಆ ನಿಯಮಕ್ಕೆ ಹೊರತು ಎಂಬುದರಲ್ಲೂ ಸಂಶಯವಿರಲಿಲ್ಲ. 1800ರಲ್ಲಿ ಸಾಯುವ ತನಕ, ಇಪ್ಪತ್ತೇಳು ವರ್ಷ, ಅವನು ಹಾಗೆಯೇ ಬದುಕಿದ. ನ್ಯೂಟನ್ ಅವನೊಂದಿಗೆ ವಾದಿಸಿ ಸೋತ ಮೇಲೆ ಬೇರೊಂದು ಕೆಲಸ ಮಾಡಿದ: ಅವನನ್ನು ತನ್ನ ಪಾದ್ರಿಮನೆಗೇ ಕರೆತಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡ.

ಇನ್ನೊಂದು ಕಡೆಯ ವಾದವನ್ನು ಬಲವಾಗಿ ಎತ್ತಿ ಹಿಡಿದವನು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಲೂಥರನ ಮುನ್ನುಡಿಯನ್ನು ಓದುವುದನ್ನು ಕೇಳುತ್ತಿರುವಾಗ ಅವನ ಹೃದಯ ಬೆಚ್ಚಗಾಯಿತು. ನಂಬಿಕೆಯಿಂದಲೇ ನೀತಿ ಎಂಬುದರಲ್ಲಿ ಅವನು ಲೂಥರನ ಮಗ. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಎಚ್ಚರಿಕೆ, ಒಮ್ಮೆ ಬೆಳಕನ್ನು ಕಂಡು ಪವಿತ್ರಾತ್ಮನಲ್ಲಿ ಪಾಲುಗಾರರಾಗಿ ಬಿದ್ದುಹೋದವರ ಕುರಿತು ಬರುವ ಆ ಭಯಂಕರ ಮಾತು, ಸುಮ್ಮನೆ ಬೆದರಿಕೆಯಲ್ಲ, ನಿಜವಾಗಿ ನಡೆಯಬಹುದಾದದ್ದು ಎಂದು ಅವನು 1751ರಲ್ಲಿ ಬರೆದ. ಯಾರು ರಕ್ಷಣೆ ಹೊಂದುವರೆಂದು ದೇವರು ಮೊದಲೇ ನಿರ್ಧರಿಸಿದ್ದಾನೆ ಎಂಬ ಪೂರ್ವನಿಶ್ಚಯದ ವಿಷಯದಲ್ಲಿ ಗೆಳೆಯ ಜಾರ್ಜ್ ವಿಟ್‌ಫೀಲ್ಡನಿಗೂ ಅವನಿಗೂ 1740ರ ಸುಮಾರಿಗೆ ಬಹಿರಂಗವಾಗಿ ಒಡಕು ಬಂತು. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಸ್ಮರಣೆಯ ಪ್ರಸಂಗ ಮಾಡಿದವನೂ ವೆಸ್ಲಿಯೇ.

ಈ ಎರಡೂ ಧಾರೆಗಳು ನಮ್ಮ ನಾಡಿಗೆ ಬಂದವು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ವೆಸ್ಲಿಯ ಮೆಥಡಿಸ್ಟರು, ಕ್ಯಾಲ್ವಿನನ ಕಡೆಯ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲರು, ಆಂಗ್ಲಿಕನ್ನರು ಒಂದೇ ಸಭೆಯಾದರು. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಆ ಮಾತುಕತೆಯಲ್ಲಿ ಮುಖ್ಯ ತೊಡಕಾದದ್ದು ಬಿಷಪ್ ಪದವಿ ಮತ್ತು ಗುರುದೀಕ್ಷೆಯ ಪ್ರಶ್ನೆ. ರಕ್ಷಣೆ ಕಳೆದುಹೋಗುವುದೇ ಎಂಬುದಲ್ಲ. ಡೋರ್ಟಿನಲ್ಲಿ ಜನರನ್ನು ಗಡೀಪಾರು ಮಾಡಿಸಿದ ವಿಷಯ ಇಲ್ಲಿ ಏಕೀಕರಣವನ್ನು ತಡೆಯಲಿಲ್ಲ. ಅದು ಈಗ ಹೆಚ್ಚಾಗಿ ಕೇಳಿಬರುವುದು ಬ್ರದರನ್ ಮತ್ತು ಪೆಂತೆಕೋಸ್ತ್ ಸಭೆಗಳ ನಡುವೆ. ಬ್ರದರನ್‌ರಲ್ಲಿ ಸಾಮಾನ್ಯವಾಗಿ ರಕ್ಷಣೆ ಶಾಶ್ವತ. ಪೆಂತೆಕೋಸ್ತಿನವರಲ್ಲಿ ಬಹುಪಾಲು "ಹಿಂಜಾರಿಹೋದವರು" ಎಂಬ ವರ್ಗವೊಂದು ಸದಾ ಪ್ರಾರ್ಥನೆಯ ಪಟ್ಟಿಯಲ್ಲಿರುತ್ತದೆ.

1999ರ ಅಕ್ಟೋಬರ್ 31ರಂದು, ಎರಡೂ ಕಡೆಯ ಪ್ರತಿನಿಧಿಗಳು ಅದೇ ಆಗ್ಸ್‌ಬರ್ಗಿನಲ್ಲಿ ಸೇರಿ, ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ನೀತೀಕರಣದ, ಅಂದರೆ ಮನುಷ್ಯನು ನೀತಿವಂತನಾಗುವ ಬಗೆಯ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದಲೇ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಪವಿತ್ರಾತ್ಮನು ನಮ್ಮನ್ನು ಹೊಸದಾಗಿಸಿ ಸತ್ಕ್ರಿಯೆಗಳಿಗೆ ಅಣಿಗೊಳಿಸುತ್ತಾನೆ. 2006ರಲ್ಲಿ ಮೆಥಡಿಸ್ಟರೂ 2017ರಲ್ಲಿ ಕ್ಯಾಲ್ವಿನನ ಪರಂಪರೆಯ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಇದಕ್ಕೆ ಸೇರಿಕೊಂಡವು. ನಂಬಿಕೆ ಮತ್ತು ಕ್ರಿಯೆಯ ಜಗಳ ಬಹುಮಟ್ಟಿಗೆ ತಣ್ಣಗಾಗಿದೆ ಎನ್ನಬಹುದು. ಸ್ಥಿರತೆಯ ಪ್ರಶ್ನೆ ತಣ್ಣಗಾಗಿಲ್ಲ, ನಾನು ಹೇಳಿದ "ಯಾರಿಗೆ" ಎಂಬ ಕೀಲಿಯಿಂದಲೂ ಅದು ಪೂರ್ತಿ ತೆರೆಯುವುದಿಲ್ಲ. ಯೋಹಾನನ ಮಾತು ಹೆದರಿದವರಿಗೆ, ಇಬ್ರಿಯರಿಗೆ ಬರೆದದ್ದು ಉಡಾಫೆಯವರಿಗೆ ಎಂದು ಹಂಚಿಕೊಡುವುದು ಸಭಾಪಾಲಕನಿಗೆ ಸರಿಯಾದ ಮಾರ್ಗ, ಕೂಪರನಿಗೆ ಎಚ್ಚರಿಕೆಯನ್ನೂ ಉಡಾಫೆಯವನಿಗೆ ಭರವಸೆಯನ್ನೂ ಕೊಡುವ ತಪ್ಪನ್ನು ಅದು ತಪ್ಪಿಸುತ್ತದೆ. ಆದರೆ ಬಿದ್ದವನು ಎದ್ದೇ ಏಳುತ್ತಾನೆ ಎಂದು ಡೋರ್ಟ್ ಹೇಳುತ್ತದೆ, ಏಳದೆಯೂ ಇರಬಹುದು ಎಂದು ಟ್ರೆಂಟ್, ಆಗ್ಸ್‌ಬರ್ಗ್, ವೆಸ್ಲಿ ಮೂವರೂ ಹೇಳುತ್ತಾರೆ. ಎರಡೂ ಒಟ್ಟಿಗೆ ಸತ್ಯವಾಗಲಾರವು.

ಉಪನ್ಯಾಸ ಇಲ್ಲಿಗೆ ಮುಗಿದಿತ್ತು. ಪ್ರಶ್ನೋತ್ತರದ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ನಡುವಯಸ್ಸಿನ ಮಹಿಳೆಯೊಬ್ಬರು ಎದ್ದು, "ನಮ್ಮ ತಂದೆಯವರು ಚರ್ಚಿನಲ್ಲಿ ಎಷ್ಟೋ ವರ್ಷ ಸೇವೆ ಮಾಡಿದವರು. ಕೊನೆಯಲ್ಲಿ ಮನಸ್ತಾಪವಾಗಿ ಎಲ್ಲ ಬಿಟ್ಟರು. ತೀರಿಕೊಂಡಾಗಲೂ ಬಿಟ್ಟೇ ಇದ್ದರು. ನೀವು ಹೇಳಿದ್ದರಲ್ಲಿ ಅವರು ಯಾವ ಲೆಕ್ಕಕ್ಕೆ ಬರುತ್ತಾರೆ ಸಾರ್?" ಎಂದು ಕೇಳಿದರು. ಲೆಕ್ಕ ನನ್ನ ಕೈಯಲ್ಲಿಲ್ಲ ಎಂದು ಹೇಳಿ, ಉಪನ್ಯಾಸದಲ್ಲಿ ಸಮಯವಿಲ್ಲವೆಂದು ಬಿಟ್ಟಿದ್ದ ಒಂದು ಘಟನೆಯನ್ನು ಅವರಿಗೆ ಹೇಳಿದೆ.

ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸನ ಆಜ್ಞೆಯಂತೆ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಿ, ಅರ್ಪಿಸಿದ್ದೇವೆಂದು ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕಾಗಿತ್ತು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ: ನಾನು ಯಾವಾಗಲೂ ದೇವತೆಗಳಿಗೆ ಬಲಿಯರ್ಪಿಸುತ್ತ ಬಂದಿದ್ದೇನೆ, ಈಗಲೂ ನಿಮ್ಮ ಎದುರಿಗೇ ಅರ್ಪಿಸಿ ನೈವೇದ್ಯವನ್ನು ತಿಂದಿದ್ದೇನೆ, ದಯವಿಟ್ಟು ರುಜು ಮಾಡಿಕೊಡಿ ಎಂದು ಅದರ ಒಕ್ಕಣೆ. ಬಹಳ ಕ್ರೈಸ್ತರು ಹೆದರಿ ಬಲಿಯರ್ಪಿಸಿದರು. ಹಿಂಸೆ ಮುಗಿದ ಮೇಲೆ ಅಂಥವರನ್ನು ಸಭೆ ಎಂದಿಗೂ ಮರಳಿ ಸೇರಿಸಿಕೊಳ್ಳಬಾರದೆಂದು ರೋಮಿನ ನೊವಾಟಿಯನ್ ಎಂಬವನು ಹಠ ಹಿಡಿದ. ಅವನ ಕಡೆಗೆ ವಾಲುತ್ತಿದ್ದ ಅಂತಿಯೋಕ್ಯದ ಬಿಷಪ್ ಫೇಬಿಯಸನಿಗೆ ಅಲೆಕ್ಸಾಂಡ್ರಿಯದ ಬಿಷಪ್ ದಿಯೊನಿಸಿಯಸ್ ಒಂದು ಪತ್ರ ಬರೆದ. ಅದರ ಭಾಗ ಪ್ರಾಚೀನ ಲೇಖಕ ಯುಸೇಬಿಯಸ್ ಬರೆದ ಕ್ರೈಸ್ತ ಸಭೆಯ ಚರಿತ್ರೆಯಲ್ಲಿ ಉಳಿದಿದೆ.

ಸೆರಾಪಿಯೋನ್ ಎಂಬ ಮುದುಕ. ಆಯುಷ್ಯವಿಡೀ ನಿಷ್ಕಳಂಕನಾಗಿದ್ದವನು ಹಿಂಸೆಯಲ್ಲಿ ಬಿದ್ದ. ಆಮೇಲೆ ಎಷ್ಟು ಬೇಡಿಕೊಂಡರೂ ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ, ಬಲಿಯರ್ಪಿಸಿದವನಲ್ಲವೇ. ಕಾಯಿಲೆ ಬಿದ್ದು ಮೂರು ದಿನ ಮಾತಿಲ್ಲದೆ ಪ್ರಜ್ಞೆಯಿಲ್ಲದೆ ಮಲಗಿದ್ದ. ನಾಲ್ಕನೆಯ ದಿನ ತುಸು ಚೇತರಿಸಿ, ಮಗಳ ಮಗನನ್ನು ಕರೆದು, "ಇನ್ನೆಷ್ಟು ಹೊತ್ತು ನನ್ನನ್ನು ಹಿಡಿದಿಡುತ್ತೀರಿ ಮಗು? ಬೇಗ ನನ್ನನ್ನು ಬಿಡಿಸಿ, ಗುರುಗಳನ್ನು ಯಾರನ್ನಾದರೂ ಕರಕೊಂಡು ಬಾ" ಎಂದ. ಮತ್ತೆ ಮಾತು ನಿಂತಿತು. ಹುಡುಗ ರಾತ್ರಿಯಲ್ಲಿ ಓಡಿದ. ಗುರುಗಳೂ ಕಾಯಿಲೆಯಿಂದ ಮಲಗಿದ್ದರು, ಬರಲಾರದವರಾಗಿದ್ದರು. ಸಾಯುವವರು ಬೇಡಿದರೆ ಕ್ಷಮೆ ಕೊಡಿ ಎಂದು ದಿಯೊನಿಸಿಯಸ್ ಮೊದಲೇ ಅಪ್ಪಣೆ ಮಾಡಿದ್ದನಾದ್ದರಿಂದ, ಅವರು ಪರಮಪ್ರಸಾದದ, ಅಂದರೆ ಆರಾಧನೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ, ಒಂದು ಚೂರನ್ನು ಹುಡುಗನ ಕೈಗೆ ಕೊಟ್ಟು, ನೆನೆಸಿ ಅಜ್ಜನ ಬಾಯಿಗೆ ಹಿಂಡು ಎಂದರು. ಹುಡುಗ ಮನೆಯೊಳಗೆ ಕಾಲಿಡುವ ಮೊದಲೇ ಮುದುಕನಿಗೆ ಎಚ್ಚರವಾಯಿತು. "ಬಂದೆಯಾ ಮಗು? ಗುರುಗಳಿಗೆ ಬರಲಾಗಲಿಲ್ಲ. ಅವರು ಹೇಳಿದ್ದನ್ನು ಬೇಗ ಮಾಡಿ ನನ್ನನ್ನು ಕಳಿಸಿಕೊಡು." ಹುಡುಗ ನೆನೆಸಿದ, ಬಾಯಿಗೆ ಹಾಕಿದ. ಮುದುಕ ಸ್ವಲ್ಪ ನುಂಗಿ ಪ್ರಾಣ ಬಿಟ್ಟ.

ಇದನ್ನು ಹೇಳಿ ದಿಯೊನಿಸಿಯಸ್ ಫೇಬಿಯಸನಿಗೆ ಹಾಕುವ ಪ್ರಶ್ನೆಯಲ್ಲಿ ಕೃಪೆ, ಕ್ಷಮೆ, ಕ್ರಿಯೆ ಮೂರೂ ಕಲಸಿಹೋಗಿವೆ, ಟ್ರೆಂಟಿನ ಬರಹಗಾರನೂ ಡೋರ್ಟಿನ ಬರಹಗಾರನೂ ತಿದ್ದಲು ಒಟ್ಟಿಗೆ ಲೇಖನಿ ಎತ್ತುವಷ್ಟು: ಆ ಮುದುಕನಿಗೆ ಬಿಡುಗಡೆಯಾಗಿ, ಪಾಪವು ತೊಡೆದುಹೋಗಿ, ಅವನು ಮಾಡಿದ್ದ ಎಷ್ಟೋ ಒಳ್ಳೆಯ ಕೆಲಸಗಳಿಗಾಗಿ ತನ್ನವನೆಂದು ಒಪ್ಪಿಕೊಳ್ಳಲ್ಪಡುವ ತನಕ, ಅವನ ಪ್ರಾಣವನ್ನು ಹಿಡಿದಿಟ್ಟು ಕಾಯಲಾಗಿತ್ತು ಎಂಬುದು ಸ್ಪಷ್ಟವಲ್ಲವೇ?